ಫೋ ಪಾರ್ಸೆಲ್ ತರಿಸಿ ಗೆದ್ದ ಕಥೆ: ನನ್ನ ಅನುಭವ

"ಫೋ ಪಾರ್ಸೆಲ್ ಮಾಡಿಸುವ ಪದಾರ್ಥವೇ ಅಲ್ಲ, ಹೋಟೆಲ್‌ನಲ್ಲೇ ಕೂತು ತಿನ್ನಬೇಕು." ಫೋ ಅಂದರೆ ಬಿಸಿ ಸಾರಿನಲ್ಲಿ ಅಕ್ಕಿ ನೂಡಲ್ಸ್, ಮಾಂಸ ಹಾಕಿ ಕೊಡುವ ವಿಯೆಟ್ನಾಂ ಊಟ. ವಿಯೆಟ್ನಾಂ ಊಟದ ವಿಷಯ ಎತ್ತಿದಾಗಲೆಲ್ಲ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಹೇಳಿದವರು ಗೊತ್ತಿಲ್ಲದವರೇನಲ್ಲ, ಚೆನ್ನಾಗಿ ತಿಂದು ಪಳಗಿದ ಗೆಳೆಯರೇ. ಈಗ ಅವರೇ ನನ್ನ ಮನೆಗೆ ಬಂದು, ಪಾರ್ಸೆಲ್ ಬಂದ ಫೋವನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಡೆಲಿವರಿ ಆಪ್ ಬಳಸುವುದು ಹೇಗೆ ಎಂಬುದನ್ನೆಲ್ಲ ವಿವರಿಸುವುದಿಲ್ಲ. ಇದನ್ನು ಓದುವವರಿಗೆ ಅದೆಲ್ಲ ಗೊತ್ತಿರುತ್ತದೆ.

ಮೊದಲು ಕೆಟ್ಟದ್ದನ್ನೇ ಹೇಳುತ್ತೇನೆ. ಶುರುವಿನಲ್ಲಿ ಎಲ್ಲವೂ ಒಂದೇ ಡಬ್ಬಿಯಲ್ಲಿ ಬರುತ್ತಿತ್ತು. ಇಪ್ಪತ್ತು ನಿಮಿಷ ದಾರಿಯಲ್ಲಿದ್ದರೆ ಸಾಕು, ಅಕ್ಕಿ ನೂಡಲ್ಸ್ ಅರ್ಧ ಸಾರು ಕುಡಿದುಬಿಡುತ್ತದೆ. ಮುಚ್ಚಳ ತೆಗೆದರೆ ಊದಿದ ನೂಡಲ್ಸ್ ಮುದ್ದೆ, ಸುತ್ತ ನಾಲ್ಕು ಚಮಚ ಸಾರು. ಆಮೇಲೆ ಸಾರನ್ನು ಬೇರೆ ಕಟ್ಟಿಸಿದೆ. ಆದರೆ ಸೊಪ್ಪೂ ಮೊಳಕೆಯೂ ಅದೇ ಚೀಲದಲ್ಲಿ, ಬಿಸಿ ಡಬ್ಬಿಗೆ ಅಂಟಿಕೊಂಡೇ ಬಂದವು. ಥಾಯ್ ಬೇಸಿಲ್ (ತುಳಸಿ ಜಾತಿಯ ಸೊಪ್ಪು) ಎಲೆ ಕಪ್ಪಾಗಿತ್ತು, ಹೆಸರುಕಾಳಿನ ಮೊಳಕೆ ಸುಸ್ತಾಗಿ ಮಲಗಿತ್ತು. ಇನ್ನೊಮ್ಮೆ ತೆಳ್ಳಗೆ ಕತ್ತರಿಸಿದ ಹಸಿ ಬೀಫ್ ಇರುವ ಫೋ ತರಿಸಿದೆ. ಹೋಟೆಲ್‌ನಲ್ಲಿ ಕುದಿಯುವ ಸಾರು ಸುರಿದರೆ ಆ ಮಾಂಸ ಬಟ್ಟಲಲ್ಲೇ ಬೇಯುತ್ತದೆ. ನನ್ನ ಮನೆ ತಲುಪಿದ ಸಾರಿಗೆ ಥರ್ಮಾಮೀಟರ್ ಇಟ್ಟು ನೋಡಿದರೆ 65 ಡಿಗ್ರಿಯ ಆಸುಪಾಸು ಇತ್ತು. ಮಾಂಸದ ಅಂಚು ಬೂದು ಬಣ್ಣ, ನಡುವೆ ಕೆಂಪು. ತಿನ್ನದೆ ಎಸೆದೆ. ಅಷ್ಟೂ ದುಡ್ಡು ದಂಡ.

ಆಗ ನನಗೆ ಬಿಸಿಯ ಹುಚ್ಚು ಹಿಡಿಯಿತು. ಶಾಖ ಹಿಡಿದಿಡುವ ಚೀಲ ಕೊಂಡೆ, ನಾನೇ ಹೋಗಿ ತರುವಾಗ ಬಳಸಿದೆ. ಬೇಗ ತಲುಪಿಸಲು ಹೆಚ್ಚಿನ ಚಾರ್ಜು ಕಟ್ಟಿದೆ. ದೊಡ್ಡ ಫ್ಲಾಸ್ಕ್ ಹಿಡಿದು ಹೋಟೆಲ್‌ಗಳಿಗೆ ಅಲೆದೆ. ಹೊರಗಿನ ಪಾತ್ರೆ ಅಡುಗೆಮನೆಗೆ ಬಿಡುವುದಿಲ್ಲ ಅಂತ ಕೆಲವರು ಒಪ್ಪಲಿಲ್ಲ. ಒಪ್ಪಿದ ಕಡೆಯಿಂದ ಸಾರು ಕುದಿಕುದಿಯಾಗಿಯೇ ಬಂತು, ನಿಜ. ಆದರೆ ಊಟ ಮಾತ್ರ ಸುಧಾರಿಸಲಿಲ್ಲ. ಚೀಲ ಎಷ್ಟು ಬಿಸಿಯೋ ಒಳಗಿನ ಸೊಪ್ಪಿಗೆ ಅಷ್ಟೇ ಕಷ್ಟ. ಆ ಕೆಲವು ತಿಂಗಳಲ್ಲಿ ಇದಕ್ಕೆಲ್ಲ ಸುರಿದ ದುಡ್ಡಿನಲ್ಲಿ ಏನಿಲ್ಲವೆಂದರೂ ಹತ್ತು ಹದಿನೈದು ಬಟ್ಟಲು ಫೋ ಬರುತ್ತಿತ್ತು.

ವಿಷಯ ಇಷ್ಟೇ. ಬಿಸಿಯ ಹಿಂದೆ ಓಡಬೇಡಿ. ಆರಿದ ಸಾರು ಮನೆಯ ಒಲೆಯ ಮೇಲೆ ಐದು ನಿಮಿಷದಲ್ಲಿ ಕುದಿಯುತ್ತದೆ, ಒಂದು ಹನಿ ರುಚಿಯೂ ಕಮ್ಮಿಯಾಗುವುದಿಲ್ಲ. ಊದಿದ ನೂಡಲ್ಸನ್ನು, ಬಾಡಿದ ಬೇಸಿಲನ್ನು, ಮೆತ್ತಗಾದ ಕರಿದ ರೋಲನ್ನು ಮೊದಲಿನಂತೆ ಮಾಡುವುದು ಮಾತ್ರ ಕಷ್ಟ. ದಾರಿಯಲ್ಲಿ ಕಾಪಾಡಬೇಕಾದ್ದು ಇವನ್ನು. ಇದು ತಲೆಗೆ ಹೋದ ದಿನದಿಂದ ಹತ್ತಿರದ ಹೋಟೆಲ್ ಹುಡುಕುವುದನ್ನೇ ಬಿಟ್ಟೆ. ಸ್ವಲ್ಪ ದೂರವಾದರೂ ಸಾರು ಒಳ್ಳೆಯದಿರುವ ಕಡೆಯಿಂದಲೇ ತರಿಸುತ್ತೇನೆ. ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ, ಚಕ್ರಮೊಗ್ಗು, ಚಕ್ಕೆ, ಲವಂಗ ಹಾಕಿದ ಸಾರನ್ನು ನಾನು ಮನೆಯಲ್ಲಿ ಮಾಡಲು ಕೂರುವುದಿಲ್ಲ. ನಾನು ದುಡ್ಡು ಕೊಡುವುದು ಆ ಸಾರಿಗೆ. ಉಳಿದದ್ದೆಲ್ಲ ಜೋಡಣೆ.

ಆಪ್‌ನಲ್ಲಿ ಸೂಚನೆ ಬರೆಯುವ ಜಾಗ ಇದೆಯಲ್ಲ, ಗಲಾಟೆಯ ಹೊತ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ನಾನು ಒಂದು ದಿನ ಖುದ್ದಾಗಿ ಹೋಗಿ ಹೋಟೆಲ್ ನಡೆಸುವವರ ಹತ್ತಿರ ಮಾತಾಡಿದೆ. ಮಧ್ಯಾಹ್ನದ ಊಟ ಮುಗಿದು ಅವರಿಗೂ ಉಸಿರಾಡಲು ಬಿಡುವು ಸಿಗುವ ಹೊತ್ತಿನಲ್ಲಿ.

"ಎಲ್ಲ ಬೇರೆ ಬೇರೆ ಕಟ್ಟಿದರೆ ಡಬ್ಬಿ ಖರ್ಚು ಜಾಸ್ತಿ ಆಗುತ್ತೆ" ಎಂದರು.

"ಡಬ್ಬಿ ದುಡ್ಡು ನಾನು ಕೊಡ್ತೀನಿ ಮೇಡಂ. ನೂಡಲ್ಸ್ ಬೇಯಿಸಬೇಡಿ, ನೆನೆಸಿದ್ದನ್ನು ಹಾಗೇ ಕೊಡಿ."

ಒಂದು ಕ್ಷಣ ನನ್ನ ಮುಖ ನೋಡಿದರು. "ಮನೆಯಲ್ಲಿ ಅದ್ದಿ ತೆಗೆಯೋದು ಗೊತ್ತಾ?" ಎಂದು ಕೇಳಿದರು. ಗೊತ್ತು ಎಂದೆ. ಅಷ್ಟೇ, ಅವತ್ತಿನಿಂದ ನನ್ನ ಪಾರ್ಸೆಲ್ ಕಟ್ಟುವ ರೀತಿಯೇ ಬೇರೆ. ಈಗ ಇನ್ನೂ ಕೆಲವರಿಗೆ ಅವರು ಹೀಗೇ ಕಟ್ಟಿಕೊಡುತ್ತಿದ್ದಾರೆ. ಆ ಪದ್ಧತಿ ನನ್ನಿಂದ ಶುರುವಾಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾನು ಕೇಳುವುದು ಇಷ್ಟು. ಸಾರು ಬೇರೆ ಡಬ್ಬಿಯಲ್ಲಿ, ತುಂಬ ತುಂಬಿಸದೆ. ನೂಡಲ್ಸ್ ನೆನೆಸಿದ್ದು, ಬೇಯಿಸಿದ್ದಲ್ಲ. ಮಾಂಸ ಬೆಂದಿರುವ ಬ್ರಿಸ್ಕೆಟ್ (ದನದ ಎದೆಯ ಭಾಗದ ಮಾಂಸ), ಹಸಿಯದು ಬೇಡವೇ ಬೇಡ. ಸೊಪ್ಪು, ಮೊಳಕೆ, ಮೆಣಸಿನಕಾಯಿ ಎಲ್ಲ ಬೇರೆ ಚೀಲದಲ್ಲಿ, ಬಿಸಿ ಡಬ್ಬಿಯ ಪಕ್ಕದಲ್ಲಿಡದೆ. ನಿಂಬೆ ಕತ್ತರಿಸಬಾರದು. ಸಿಹಿ ಬೆರೆತ ಹೊಯ್ಸಿನ್ ಸಾಸು, ಖಾರದ ಸಾಸು ಬೇಡ, ಮನೆಯಲ್ಲಿ ಬಾಟಲಿ ಇದೆ.

ಅಂದಹಾಗೆ, ಹೋಟೆಲ್‌ನವರದು ಉತ್ತರದ ಪದ್ಧತಿಯೋ ದಕ್ಷಿಣದ್ದೋ ನೋಡಿಕೊಳ್ಳಿ. ಫೋ ಹುಟ್ಟಿದ್ದು ಉತ್ತರದಲ್ಲಿ, ಹನೋಯ್, ನಾಮ್ ದಿನ್ ಕಡೆ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ದಕ್ಷಿಣಕ್ಕೆ ಹೋದ ಜನರ ಜತೆ ಅಲ್ಲಿಯೂ ಹರಡಿತು. ಅಲ್ಲಿ ಸ್ವಲ್ಪ ಸಿಹಿ ಸೇರಿತು, ಪಕ್ಕದಲ್ಲಿ ತಟ್ಟೆ ತುಂಬ ಸೊಪ್ಪು, ಮೊಳಕೆ ಬಂತು. 1975ರಲ್ಲಿ ಯುದ್ಧ ಮುಗಿದ ಮೇಲೆ ದೇಶ ಬಿಟ್ಟವರಲ್ಲಿ ದಕ್ಷಿಣದವರೇ ಜಾಸ್ತಿ. ಹಾಗಾಗಿ ಹೊರದೇಶಗಳಲ್ಲಿ ಸಿಗುವುದು ಬಹುಪಾಲು ಈ ಸೊಪ್ಪಿನ ಫೋ. ಪಾರ್ಸೆಲ್ ದೃಷ್ಟಿಯಿಂದ ಉತ್ತರದ್ದು ಸುಲಭ. ತಿಳಿ ಸಾರು, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ನೆನೆಸಿದ ವಿನೆಗರ್, ಮುಗಿಯಿತು. ಬಾಡಲು ಹೆಚ್ಚೇನೂ ಇಲ್ಲ. ಆದರೂ ನನ್ನ ನಾಲಿಗೆಗೆ ದಕ್ಷಿಣದ್ದೇ ಬೇಕು. ಅದಕ್ಕೇ ಇಷ್ಟೆಲ್ಲ ಪಾಡು.

ಮನೆಗೆ ಬಂದ ಮೇಲಿನ ಕೆಲಸ ಹತ್ತು ನಿಮಿಷದ್ದು. ಸಾರಿನ ಡಬ್ಬಿ ತೆರೆದಾಗ ಮೇಲೆ ಕೊಬ್ಬಿನ ಸಣ್ಣ ಸಣ್ಣ ಚಿನ್ನದ ಚಕ್ಕೆಗಳು ಕೂಡಿಕೊಂಡು ಒಂದು ಪದರ ಆಗಿರುತ್ತದೆ. ಅದನ್ನು ತೆಗೆದು ಎಸೆಯಬೇಡಿ, ಪರಿಮಳ ಅದರಲ್ಲೇ ಇರುವುದು. ಸಾರನ್ನು ಜೋರಾಗಿ ಕುದಿಸಿ. ಸುಮ್ನೆ ಬಿಸಿ ಮಾಡಿದರೆ ಸಾಲದು, ಉಕ್ಕಬೇಕು. ಪಕ್ಕದ ಒಲೆಯಲ್ಲಿ ನೀರು ಕುದಿಯುತ್ತಿರಲಿ. ಆ ನೀರಿನಲ್ಲಿ ಒಂದು ಸೌಟು ಬಟ್ಟಲಿಗೆ ಹಾಕಿ ಬಟ್ಟಲು ಕಾಯಿಸಿಡಿ. ತಣ್ಣನೆ ಬಟ್ಟಲು ಸಾರಿನ ಬಿಸಿಯನ್ನೆಲ್ಲ ನುಂಗುತ್ತದೆ.

ನೂಡಲ್ಸನ್ನು ಒಬ್ಬೊಬ್ಬರ ಪಾಲು ಬೇರೆ ಬೇರೆಯಾಗಿ ಜಾಲರಿ ಸೌಟಿನಲ್ಲಿ ಹಾಕಿ ಕುದಿಯುವ ನೀರಿಗೆ ಇಳಿಸಿ. ಮೊದಲು ಬಿಳಿ ಗಟ್ಟಿ ಮುದ್ದೆ ಇರುತ್ತದೆ. ಚಾಪ್‌ಸ್ಟಿಕ್‌ನಿಂದ ಒಮ್ಮೆ ಅಲ್ಲಾಡಿಸಿದರೆ ಅಂಚಿನ ಎಳೆಗಳು ಬಿಡುತ್ತವೆ, ನೋಡನೋಡುತ್ತಲೇ ಬಿಳಿ ಬಣ್ಣ ಹೋಗಿ ಹೊಳಪು ಬರುತ್ತದೆ. ಹತ್ತು ಹದಿನೈದು ಸೆಕೆಂಡು ಅಷ್ಟೇ. ದಪ್ಪ ಎಳೆಯಾದರೆ ಇನ್ನೊಂದು ಹತ್ತು. ಮೇಲೆತ್ತಿ ಚೆನ್ನಾಗಿ ಕೊಡವಿ. ನೀರು ಉಳಿದರೆ ಅಷ್ಟು ದೂರದಿಂದ ತರಿಸಿದ ಸಾರು ಬಟ್ಟಲಲ್ಲೇ ನೀರಾಗುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಟ್ಟಲಿಗೆ ನೂಡಲ್ಸ್, ಮೇಲೆ ಮಾಂಸ, ಈರುಳ್ಳಿ, ಆಮೇಲೆ ಕುದಿಯುವ ಸಾರು. ಸೊಪ್ಪು ತಟ್ಟೆಯಲ್ಲೇ ಇರಲಿ, ತಿನ್ನುವಾಗ ಕಿತ್ತು ಹಾಕಿಕೊಳ್ಳಬೇಕು. ಸಾರು ಮತ್ತೆ ಕುದಿಸುವಾಗ ನಾನು ಒಂದು ಪದಾರ್ಥ ಸೇರಿಸುತ್ತೇನೆ, ಸುವಾಸನೆ ಆಗತಾನೇ ಮಾಡಿದ ಹಾಗೆ ಎದ್ದು ಬರುತ್ತದೆ. ಅದೇನು ಎಂದು ಗೆಳೆಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನೀವು ಹುಡುಕಿಕೊಳ್ಳಿ, ಮಸಾಲೆ ಡಬ್ಬಿಯಲ್ಲೇ ಇದೆ.

ಈಗ ದುಡ್ಡು. ಡೆಲಿವರಿ ಆಪ್‌ಗಳು ಹೋಟೆಲ್‌ನಿಂದ ಹಿಡಿಯುವ ಕಮಿಷನ್ ಸುಮಾರಾಗಿ 15ರಿಂದ 30 ಪರ್ಸೆಂಟ್ ಇರುತ್ತದೆ. ಅದನ್ನು ತುಂಬಿಕೊಳ್ಳಲು ಆಪ್‌ನಲ್ಲಿ ಬೆಲೆ ಏರಿಸಿಟ್ಟ ಹೋಟೆಲ್‌ಗಳು ಬೇಕಾದಷ್ಟು. ಅದರ ಮೇಲೆ ಡೆಲಿವರಿ, ಪ್ಯಾಕಿಂಗ್, ಮತ್ತೇನೋ ಚಾರ್ಜು. ಹೋಟೆಲ್‌ನಲ್ಲಿ ಕೂತು ತಿಂದರೆ ನೂರಾಗುವ ಊಟ ಒಬ್ಬರಿಗೆ ತರಿಸಿದರೆ ನನಗೆ ನೂರೈವತ್ತರ ಹತ್ತಿರ ಹೋಗುತ್ತಿತ್ತು. ನೇರ ಫೋನ್ ಮಾಡಿ, ಹೋಟೆಲ್‌ನವರದೇ ಹುಡುಗ ತಂದುಕೊಟ್ಟರೆ ನೂರ ಹದಿನೈದು, ನೂರಿಪ್ಪತ್ತಕ್ಕೆ ಮುಗಿಯುತ್ತದೆ. ಆ ಹುಡುಗನಿಗೆ ನಾನು ಕೈಯಲ್ಲಿ ಒಂದಿಷ್ಟು ಕೊಟ್ಟೇ ಕಳಿಸುತ್ತೇನೆ. ಸಾರು ಚೆಲ್ಲದೆ ತರುವುದು ಸಣ್ಣ ಕೆಲಸವಲ್ಲ.

ಆದರೆ ನಿಜವಾದ ಉಳಿತಾಯ ಬೇರೆ ಕಡೆ ಇದೆ. ನಾಲ್ಕು ಜನಕ್ಕೆ ನಾಲ್ಕು ಬಟ್ಟಲು ಹೇಳಬೇಡಿ. ಎರಡು ಬಟ್ಟಲು ಹೇಳಿ, ಜತೆಗೆ ಒಂದು ಲೀಟರಿನಷ್ಟು ಬರೀ ಸಾರು ಹೇಳಿ. ನನ್ನ ಹೋಟೆಲ್‌ನಲ್ಲಿ ಅಷ್ಟು ಸಾರಿಗೆ ಒಂದು ಬಟ್ಟಲಿನ ಅರ್ಧ ಬೆಲೆಗಿಂತ ಸ್ವಲ್ಪ ಕಮ್ಮಿ. ಒಣ ಅಕ್ಕಿ ನೂಡಲ್ಸ್ ಮನೆಯಲ್ಲಿ ಇಟ್ಟುಕೊಂಡಿರುತ್ತೇನೆ, ಅರ್ಧ ಗಂಟೆ ನೆನೆಸಿದರೆ ಸಾಕು. ಎರಡು ಬಟ್ಟಲಿನ ಮಾಂಸ ನಾಲ್ಕು ಜನಕ್ಕೆ ಸ್ವಲ್ಪ ತೆಳುವಾಗುತ್ತದೆ, ನಿಜ. ಅಣಬೆ ಹುರಿದು ಹಾಕಿ. ಲೆಕ್ಕ ಹಾಕಿದರೆ ತಲೆಗೆ ಬೀಳುವ ಖರ್ಚು ಕೂತು ತಿಂದದ್ದಕ್ಕಿಂತ ಕಮ್ಮಿ. ಇದನ್ನು ಕೇಳಿ ನಂಬದವರಿಗೆ ಬಿಲ್ಲುಗಳನ್ನೇ ತೋರಿಸಿದ್ದೇನೆ.

ಸಂಜೆಯ ನೂಕುನುಗ್ಗಲಿಗೆ ಮುಂಚೆಯೇ ತರಿಸಿಬಿಡುವುದು ಇನ್ನೊಂದು ಲಾಭ. ಚಾರ್ಜು ಏರಿರುವುದಿಲ್ಲ, ಕಟ್ಟುವವರ ಕೈಯಲ್ಲಿ ಸಮಾಧಾನ ಇರುತ್ತದೆ. ಎರಡು ಗಂಟೆಗಿಂತ ಜಾಸ್ತಿ ಇಡಬೇಕಾದರೆ ಸಾರು, ಮಾಂಸ ಎರಡನ್ನೂ ಫ್ರಿಜ್‌ನಲ್ಲಿಡಿ. ಉಳಿದ ಸಾರನ್ನು ಫ್ರೀಜರ್‌ಗೆ ಹಾಕಿ ವಾರಗಳ ನಂತರ ಬಳಸಿದ್ದೇನೆ, ತೊಂದರೆಯಾಗಿಲ್ಲ.

ಫೋ ಬಿಟ್ಟು ಬೇರೆಯದರ ಮೇಲೂ ಕೈಯಾಡಿಸಿದ್ದೇನೆ. ಕರಿದ ರೋಲ್ ಮುಚ್ಚಿದ ಡಬ್ಬಿಯಲ್ಲಿ ಬಂದರೆ ಅದರದೇ ಹಬೆಗೆ ಮೆತ್ತಗಾಗುತ್ತದೆ. ಕಾಗದದ ಚೀಲದಲ್ಲಿ, ಬಾಯಿ ತೆರೆದು ಕೊಡಲು ಹೇಳಿ. ಮನೆಯಲ್ಲಿ ಓವನ್ 180 ಡಿಗ್ರಿಗೆ ಕಾಯಿಸಿ ಏಳೆಂಟು ನಿಮಿಷ. ಮೈಕ್ರೋವೇವ್ ಹತ್ತಿರವೂ ಸುಳಿಯಬೇಡಿ. ಅಕ್ಕಿ ಹಾಳೆಯಲ್ಲಿ ಸುತ್ತಿದ ಹಸಿ ರೋಲ್‌ದು ತದ್ವಿರುದ್ಧ, ಅದಕ್ಕೆ ಗಾಳಿ ಆಗದು. ಫ್ರಿಜ್‌ನಲ್ಲಿಟ್ಟರೆ ಹಾಳೆ ಗಟ್ಟಿಯಾಗಿ ಬಿರಿಯುತ್ತದೆ. ಒದ್ದೆ ಬಟ್ಟೆ ಮುಚ್ಚಿ ಹೊರಗಿಟ್ಟು ಬಂದ ಹೊತ್ತಿಗೇ ತಿಂದುಬಿಡಿ. ಬಾನ್ ಮಿ (ವಿಯೆಟ್ನಾಂ ಸ್ಯಾಂಡ್‌ವಿಚ್) ತರಿಸುವಾಗ ಉಪ್ಪಿನಲ್ಲಿ ವಿನೆಗರ್‌ನಲ್ಲಿ ಹಾಕಿದ ಕ್ಯಾರೆಟ್, ಮೂಲಂಗಿಯನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಕೇಳಿ. ಬ್ರೆಡ್ ನೆನೆಯುವುದು ಅದರ ನೀರಿನಿಂದಲೇ. ಬುನ್ ಚಾ ಮಾತ್ರ ಏನೂ ಹೇಳದೆ ತರಿಸಬಹುದು. ಸುಟ್ಟ ಹಂದಿಮಾಂಸ, ನೂಡಲ್ಸ್, ಸೊಪ್ಪು, ಸಾಸು ಎಲ್ಲ ಮೊದಲಿನಿಂದಲೂ ಬೇರೆ ಬೇರೆಯೇ ಬಡಿಸುವ ಊಟ ಅದು. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುವುದು.

ಸಸ್ಯಾಹಾರಿಗಳು 'ಚಾಯ್' (ವಿಯೆಟ್ನಾಂ ಭಾಷೆಯಲ್ಲಿ ಸಸ್ಯಾಹಾರ) ಎಂದಿರುವುದನ್ನು ನೋಡಿ ಆರ್ಡರ್ ಮಾಡಿ. ಬರೀ ಟೋಫು ಇದೆ ಅಂತ ನಂಬಬೇಡಿ, ಅದ್ದಿಕೊಳ್ಳುವ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿನ ಸಾಸು ಇರುತ್ತದೆ, ಕೇಳಿ ಸೋಯಾದ್ದು ತೆಗೆದುಕೊಳ್ಳಿ. ವಿಯೆಟ್ನಾಮಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ತಿನ್ನುವುದಿಲ್ಲ. ನಾನು ತರಿಸುವ ಹೋಟೆಲ್‌ನಲ್ಲಿ ಆ ದಿನಗಳಲ್ಲಿ ಅಣಬೆ, ಮೂಲಂಗಿ ಹಾಕಿದ ಚಾಯ್ ಸಾರು ಹೊಸದಾಗಿ ಇಟ್ಟಿರುತ್ತಾರೆ. ಮನೆಗೆ ಸಸ್ಯಾಹಾರಿ ಗೆಳೆಯರು ಬರುವುದಿದ್ದರೆ ಕ್ಯಾಲೆಂಡರ್ ನೋಡಿಯೇ ಕರೆಯುತ್ತೇನೆ.

ಒಂದೇ ಒಂದು ನನಗೆ ಇನ್ನೂ ಸಿಕ್ಕಿಲ್ಲ, ಬಾನ್ ಸೆಯೊ. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು ಕಲಸಿ ಬಾಣಲೆಯಲ್ಲಿ ಚುಂಯ್ ಅನ್ನುವ ಹಾಗೆ ಹುಯ್ದು, ಒಳಗೆ ಸೀಗಡಿ, ಮೊಳಕೆ ಇಟ್ಟು ಮಡಚುವುದು. ಐದು ನಿಮಿಷಕ್ಕೇ ಗರಿಗರಿ ಹೋಗುತ್ತದೆ, ಓವನ್‌ಗೂ ಬಗ್ಗುವುದಿಲ್ಲ. ಕಳೆದ ವಾರ ಮೇಡಂ ಹತ್ತಿರ ಹಿಟ್ಟನ್ನೇ ಬಾಟಲಿಯಲ್ಲಿ ಕೇಳಿದೆ. ಮೊದಲು ನಕ್ಕರು, ಆಮೇಲೆ ಒಪ್ಪಿದರು. ಸೀಗಡಿ, ಮೊಳಕೆ ಬೇರೆ ಚೀಲದಲ್ಲಿ ಕಳಿಸುತ್ತಾರಂತೆ, ಬಾಣಲೆ ಎಷ್ಟು ಕಾಯಬೇಕು ಎಂದು ಫೋನಿನಲ್ಲಿ ಹೇಳುತ್ತಾರಂತೆ. ಈ ಶನಿವಾರಕ್ಕೆ ಹೇಳಿಟ್ಟಿದ್ದೇನೆ.