ಅವರಿಗೆ ಈಗ ಎಷ್ಟು ಗಂಟೆ?

ದೂರದೇಶದಲ್ಲಿರುವ ಗೆಳತಿಗೆ ಒಮ್ಮೆ ಹುಟ್ಟುಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದೆ. ಅತ್ತಲಿಂದ ಬಂದದ್ದು ನಿದ್ದೆಗಣ್ಣಿನ ಗಾಬರಿಯ ದನಿ: ‘ಏನಾಯಿತು? ಎಲ್ಲರೂ ಕ್ಷೇಮ ತಾನೇ?’ ಅಲ್ಲಿ ಬೆಳಗಿನ ಜಾವ ಮೂರು ಗಂಟೆ. ಕಳೆಯಬೇಕಾದ ಗಂಟೆಗಳನ್ನು ನಾನು ಕೂಡಿಸಿದ್ದೆ. ಅಂದಿನಿಂದ ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ಬಿಟ್ಟು ಈ ಕ್ರಮ ಪಾಲಿಸುತ್ತಿದ್ದೇನೆ.

ಮೊದಲ ಹೆಜ್ಜೆ: ಎಷ್ಟು ಗಂಟೆ ವ್ಯತ್ಯಾಸ ಎಂಬುದನ್ನಲ್ಲ, ಅವರಿರುವ ಊರಿನ ಹೆಸರನ್ನು ಬರೆದಿಟ್ಟುಕೊಳ್ಳಿ. ವ್ಯತ್ಯಾಸ ವರ್ಷವಿಡೀ ಒಂದೇ ಇರುವುದಿಲ್ಲ. ಲಂಡನ್ನಿಗಿಂತ ಸಿಡ್ನಿ ಜನವರಿಯಲ್ಲಿ 11 ಗಂಟೆ ಮುಂದಿದ್ದರೆ, ಜುಲೈಯಲ್ಲಿ 9 ಗಂಟೆ ಮಾತ್ರ. ಅಕ್ಟೋಬರ್‌ನ ಬಹುಪಾಲು ದಿನ 10. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಎರಡೂ ಕಡೆ ಇದೆ, ಆದರೆ ಬೇಸಿಗೆ ಮಾತ್ರ ಒಂದೇ ಕಾಲಕ್ಕೆ ಬರುವುದಿಲ್ಲ. ದೇಶದ ಹೆಸರೊಂದೇ ಬರೆದರೂ ಸಾಲದು. ಆಸ್ಟ್ರೇಲಿಯಾದಲ್ಲೇ ಸಿಡ್ನಿ ಗಡಿಯಾರ ಬದಲಿಸುತ್ತದೆ, ಬ್ರಿಸ್ಬೇನ್ ಬದಲಿಸುವುದಿಲ್ಲ.

ಊರು ಗೊತ್ತಾದ ಮೇಲೆ ಮೊಬೈಲ್‌ನ ಗಡಿಯಾರ ತೆರೆದು, ವಿಶ್ವ ಗಡಿಯಾರದಲ್ಲಿ + ಚಿಹ್ನೆ ಒತ್ತಿ ಅದನ್ನು ಸೇರಿಸಿ. ಕಠ್ಮಂಡುವಿನಂತೆ ಭಾರತಕ್ಕಿಂತ ಕಾಲು ಗಂಟೆ ಮಾತ್ರ ಮುಂದಿರುವ ಊರನ್ನೂ ಅದು ಸರಿಯಾಗಿ ತೋರಿಸುತ್ತದೆ. ಆದರೆ ಗಡಿಯಾರಕ್ಕೆ ಗೊತ್ತಿರುವುದು ಊರುಗಳು, ನಿಮ್ಮವರಲ್ಲ. ಆದ್ದರಿಂದ ಸಂಪರ್ಕ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲೇ ಊರನ್ನೂ ಬರೆಯಿರಿ. ಕರೆ ಮಾಡಲು ಹೆಸರು ಹುಡುಕಿದಾಗ ಊರೂ ಕಣ್ಣಿಗೆ ಬೀಳುತ್ತದೆ; ಕೈ ಒಂದು ಕ್ಷಣ ತಡೆಯುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಈ ಪುಟ್ಟ ಉಪಾಯವೇ. ಯಾವ ಹೊತ್ತು ಅನುಕೂಲ ಎಂದು ಕೇಳಿ ಅದನ್ನೂ ಅಲ್ಲಿಯೇ ಗುರುತು ಮಾಡಿಕೊಳ್ಳಿ. ರಾತ್ರಿ ಪಾಳಿಯವರಿಗೆ ನಡುಮಧ್ಯಾಹ್ನವೇ ನಿದ್ದೆಯ ಹೊತ್ತು.

ಸಹೋದ್ಯೋಗಿಗಳ ಜೊತೆಗಿನ ಸಭೆಯನ್ನು ಕ್ಯಾಲೆಂಡರ್ ಆ್ಯಪ್‌ನಲ್ಲೇ ಗೊತ್ತುಮಾಡಿ, ಆಹ್ವಾನ ಕಳುಹಿಸಿ. ಪ್ರತಿಯೊಬ್ಬರಿಗೂ ಅದು ಅವರವರ ಸಮಯದಲ್ಲಿ ಕಾಣುತ್ತದೆ. ಪ್ರತಿವಾರ ನಡೆಯುವ ಸಭೆಯಾದರೆ ಯಾವ ಊರಿನ ಸಮಯಕ್ಕೆ ಕಟ್ಟುಬೀಳಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಅಮೆರಿಕದಲ್ಲಿ ಗಡಿಯಾರ ಮುಂದೆ ಹೋಗುವುದು ಮಾರ್ಚ್‌ನ ಎರಡನೆಯ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಎಂದಿನ 5 ಗಂಟೆಯ ಬದಲು 4 ಗಂಟೆಯ ಅಂತರವಿರುತ್ತದೆ. ಶರತ್ಕಾಲದಲ್ಲೂ ಒಂದು ವಾರ ಹೀಗೆಯೇ. ಆ ವಾರಗಳ ಸಭೆಗಳನ್ನು ಒಮ್ಮೆ ತೆರೆದು ನೋಡಿ.

ಸಮಯವನ್ನು ಬರೆದು ತಿಳಿಸುವಾಗ ‘ಐಎಸ್‌ಟಿ’ಯಂಥ ಹ್ರಸ್ವರೂಪ ಬೇಡ. ಭಾರತ, ಐರ್ಲೆಂಡ್, ಇಸ್ರೇಲ್ ಮೂರೂ ಕಡೆ ಅದನ್ನು ಬಳಸುತ್ತಾರೆ. ‘ಮಂಗಳವಾರ ಸಂಜೆ 4, ಲಂಡನ್ ಸಮಯ’ ಎಂದು ದಿನ, ಹೊತ್ತು, ಊರು ಮೂರನ್ನೂ ಬರೆಯಿರಿ. ‘ರಾತ್ರಿ 12’ ಎಂದರೆ ಯಾವ ದಿನದ್ದೆಂದು ಗೊಂದಲವಾಗುತ್ತದೆ, 11.59 ಎನ್ನಿ.

ಇಷ್ಟೆಲ್ಲ ಮಾಡಿಟ್ಟರೂ ಗೆಳೆಯರು ಊರು ಬದಲಿಸಿದ್ದನ್ನು ನಿಮ್ಮ ಮೊಬೈಲ್ ತಾನಾಗಿ ಹೇಳುವುದಿಲ್ಲ. ಯಾರಾದರೂ ಪ್ರಯಾಣದ ಮಾತೆತ್ತಿದರೆ, ‘ಎಷ್ಟು ದಿನ ಅಲ್ಲಿರುತ್ತೀರಿ?’ ಎಂದು ಕೇಳಿ, ಹೆಸರಿನ ಪಕ್ಕದ ಊರನ್ನು ಆಗಲೇ ತಿದ್ದಿಬಿಡಿ.