ರೇಟು ನೋಡಬೇಡಿ, ನಾರು ನೋಡಿ: ನಾಳೆಯ ಕಾರನ್ನು ಅಂದಾಜು ಮಾಡುವ ಬಗೆ

ಕೋಲಾರದ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಟೊಮೆಟೊ ನಾರು, ಅಂದರೆ ನಾಟಿ ಮಾಡುವ ಸಸಿ, ಬೆಳೆಸಿ ಮಾರುತ್ತೇವೆ. ನನ್ನ ತಮ್ಮ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಹಳೇ ಡೀಸೆಲ್ ಗಾಡಿ ಮಾರುವ ಹೊತ್ತಿಗೆ ಬಂದು ಕೇಳಿದ: "ಅಕ್ಕಾ, ಎಲೆಕ್ಟ್ರಿಕ್ ತಗೊಳ್ಳಲಾ? ಇಲ್ಲಾ ಹೈಡ್ರೋಜನ್ ಬರೋವರೆಗೂ ಕಾಯಲಾ?" ಇಬ್ಬರೂ ಕೂತು ಅಂದಾಜು ಮಾಡಿದ್ದು ಹೀಗೆ. ನೀವೂ ಮಾಡಿ ನೋಡಿ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ. "ಮುಂದೆ ಯಾವ ಕಾರು ಗೆಲ್ಲುತ್ತೆ?" ಅಂದರೆ ಉತ್ತರ ಸಿಗುವುದಿಲ್ಲ. ನಾವು ನೋಟ್‌ಬುಕ್ಕಿನಲ್ಲಿ ಬರೆದದ್ದು ಇದು: "2030ರ ಡಿಸೆಂಬರ್ ಒಳಗೆ ಕೋಲಾರದಿಂದ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಕಾರಿಗೆ ಹೈಡ್ರೋಜನ್ ತುಂಬುವ ಬಂಕ್ ಇರುತ್ತಾ?" ಜಾಗ, ತಾರೀಖು ಎರಡೂ ಇರಲೇಬೇಕು.

ಆಮೇಲೆ ನಾರು ಹುಡುಕಿ, ಅಂದರೆ ಮುಂದಾಗುವುದನ್ನು ಮೊದಲೇ ತೋರಿಸುವ ಗುರುತು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ರೇಟು ನೋಡಿಕೊಂಡು ನಾಟಿ ಮಾಡಿದವರು ಎಷ್ಟೋ ಜನ. ಸೆಪ್ಟೆಂಬರಿಗೆ ರೇಟು ಕುಸಿದುಬಿತ್ತು. ಎಷ್ಟು ಟ್ರೇ ನಾರು ಹೊಲಕ್ಕೆ ಹೋಯಿತು ಅನ್ನುವ ನಮ್ಮ ಪುಸ್ತಕ ನೋಡಿದ್ದರೆ ಎರಡು ತಿಂಗಳ ಮುಂಚೆಯೇ ಗೊತ್ತಾಗುತ್ತಿತ್ತು.

ಎಲೆಕ್ಟ್ರಿಕ್ ಕಾರಿನ ನಾರು ಬ್ಯಾಟರಿ ಬೆಲೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನುವ ಇಂಧನ ಅಧ್ಯಯನ ಸಂಸ್ಥೆ ಇದನ್ನು ವರ್ಷಾ ವರ್ಷಾ ಲೆಕ್ಕ ಹಾಕುತ್ತದೆ. 2010ರಲ್ಲಿ ಒಂದು ಕಿಲೋವ್ಯಾಟ್ ಅವರ್ (ಅಂದರೆ ಒಂದು ಯೂನಿಟ್ ಕರೆಂಟ್ ಹಿಡಿಯುವ) ಬ್ಯಾಟರಿಗೆ 1,000 ಡಾಲರ್‌ಗಿಂತ ಜಾಸ್ತಿ ಇತ್ತು. 2024ಕ್ಕೆ 115. ನಡುವೆ 2022ರಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ದುಬಾರಿಯಾಗಿ ಬೆಲೆ ಸ್ವಲ್ಪ ಏರಿತ್ತು. ಆಗ "ಕಥೆ ಮುಗೀತು" ಅಂದವರು ಒಂದು ವರ್ಷ ಮಾತ್ರ ನೋಡಿದ್ದರು. ನೀವು ಹತ್ತು ವರ್ಷ ನೋಡಿ.

ಹೈಡ್ರೋಜನ್‌ಗೆ ಕರೆಂಟಿನ ಲೆಕ್ಕ ಹಾಕಿ. ಇದನ್ನು ನೀವೇ ಕೈಯಾರೆ ಮಾಡಿ, ಬೇರೆಯವರ ಮಾತು ನಂಬಬೇಡಿ. ನೀರಿನಿಂದ ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಕರೆಂಟ್ ಬೇಕು. ಒಂದು ಕೆ.ಜಿ.ಗೆ ಕಾರು ಸುಮಾರು 100 ಕಿ.ಮೀ. ಓಡುತ್ತದೆ. ಅದೇ ಕರೆಂಟನ್ನು ನೇರವಾಗಿ ಬ್ಯಾಟರಿಗೆ ಹಾಕಿ. ಯೂನಿಟ್ಟಿಗೆ 6 ಕಿ.ಮೀ. ಅಂತ ಹಿಡಿದರೂ ಕಡಿಮೆ ಅಂದರೆ 300 ಕಿ.ಮೀ. ಆಗುತ್ತದೆ! ತಮ್ಮ ಎರಡು ಸಲ ಕೂಡಿ ಕಳೆದು ನೋಡಿದ. ಇನ್ನು ಆ ಗ್ಯಾಸನ್ನು ಟ್ಯಾಂಕಿನಲ್ಲಿ 700 ಬಾರ್ ಒತ್ತಡಕ್ಕೆ ಅದುಮಬೇಕು. ಟೈರಿಗೆ ಹಾಕುವ ಗಾಳಿಯ ಸುಮಾರು 300 ಪಟ್ಟು. ಅದಕ್ಕೆ ಬೇರೆ ಕರೆಂಟ್.

ಹೈಡ್ರೋಜನ್‌ನ ಗುಣವನ್ನೂ ಬರೆದುಕೊಳ್ಳಿ. ಐದು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ. ಟ್ಯಾಕ್ಸಿಯವನಿಗೆ ಅದು ಸಣ್ಣ ಮಾತಲ್ಲ, ಅಲ್ವಾ?

ಕೊನೆಗೆ ದುಡ್ಡು ಎಲ್ಲಿಗೆ ಹೋಗುತ್ತಿದೆ ನೋಡಿ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್‌ಗೆ (ಬಿಸಿಲು, ಗಾಳಿಯಂಥ ಕರೆಂಟಿನಿಂದ ತೆಗೆಯುವ ಹೈಡ್ರೋಜನ್) 19,744 ಕೋಟಿ ಇಟ್ಟಿತು. ಆ ಯೋಜನೆಯ ಕಣ್ಣು ಹೆಚ್ಚಾಗಿ ಗೊಬ್ಬರ, ರಿಫೈನರಿ, ಉಕ್ಕಿನ ಮೇಲಿದೆ. ಗಾಡಿಗಳಲ್ಲಿ ಬಸ್ಸು, ಲಾರಿ. ಟೊಯೋಟಾದ ಮಿರಾಯ್ ಅನ್ನುವ ಹೈಡ್ರೋಜನ್ ಕಾರು 2022ರಲ್ಲೇ ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಇಳಿಯಿತು, ನಿಜ. ಆದರೆ 2024ರಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿದ್ದ ತನ್ನ ಕಾರು-ಹೈಡ್ರೋಜನ್ ಬಂಕ್‌ಗಳನ್ನು ಮುಚ್ಚಿತು. ಅಷ್ಟು ಮಿರಾಯ್ ಓಡುವ ಊರಲ್ಲೇ ಹೀಗಾದರೆ ನಮ್ಮ ದಾರಿಗೆ ಯಾವಾಗ ಬರಬೇಕು?

ಈಗ ಅದು ಆಗುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಅಂಕಿ ಹಾಕಿ. "ಬರಬಹುದು" ಅಂತ ಸುಮ್ನೆ ಬರೆದರೆ ಮುಂದೆ ತಪ್ಪು ಹಿಡಿಯಲು ಆಗುವುದಿಲ್ಲ. ನಾವು ನಮ್ಮ ಪ್ರಶ್ನೆಗೆ 5 ಹಾಕಿದೆವು. ತಮ್ಮ ದಿನಕ್ಕೆ ಎರಡು ಸಲ ಹೋಗಿ ಬಂದರೆ 270 ಕಿ.ಮೀ. ಆಸುಪಾಸು. ಊಟದ ಹೊತ್ತಿಗೆ ಒಂದು ಸಲ ಚಾರ್ಜ್ ಹಾಕಿದರೆ ಸಾಕು ಅಂತ ಎಲೆಕ್ಟ್ರಿಕ್ ಬುಕ್ ಮಾಡಿದ.

ಪ್ರತಿ ಯುಗಾದಿಗೆ ಆ ಪುಟ ತೆಗೆಯುತ್ತೇವೆ. ಈ ದಾರಿಯಲ್ಲಿ ಹೈಡ್ರೋಜನ್ ಬಂಕಿಗೆ ಟೆಂಡರ್ ಕರೆದ ಸುದ್ದಿ ಬಂದರೆ 5 ಹೊಡೆದು ಹಾಕಿ, ಪಕ್ಕದಲ್ಲಿ ತಾರೀಖು ಸಮೇತ ಹೊಸ ಅಂಕಿ ಬರೆಯುತ್ತೇವೆ.