ಹೊಲ, ನಕಾಶೆ, ಹಾಳೂರು: ನಿಮ್ಮೂರಿನ ಒಕ್ಕಲುತನದ ಚರಿತ್ರೆ ಕಟ್ಟುವ ಬಗೆ

ಧಾರವಾಡ, ಗದಗ, ಹಾವೇರಿ ಸೀಮೆಯ ಯಾವ ಊರಿನ ಚರಿತ್ರೆಯನ್ನೂ ಗುಡಿಯಿಂದ ಶುರು ಮಾಡಬೇಡಿ, ನೀರಿನಿಂದ ಶುರು ಮಾಡಿ. ನವಲಗುಂದ, ನರಗುಂದ, ರೋಣದ ಎರೆ (ಕಪ್ಪು ಮಣ್ಣಿನ) ಬಯಲಿನಲ್ಲಿ ಭೂಮಿಗೆ ಬರವಿರಲಿಲ್ಲ, ಕುಡಿಯುವ ಸಿಹಿನೀರಿಗೆ ಬರವಿತ್ತು. ಬಾವಿ ತೋಡಿದರೆ ಬಹಳ ಕಡೆ ಸವುಳು ನೀರು. ಹಾಗಾಗಿ ಸಿಹಿನೀರಿನ ಕೆರೆ ನಿಲ್ಲುವ ಜಾಗದಲ್ಲಿ ದೊಡ್ಡ ಊರುಗಳು ಒತ್ತಾಗಿ ಕಟ್ಟಿಕೊಂಡವು, ಒಂದರಿಂದ ಇನ್ನೊಂದು ದೂರ ದೂರ. ಕಲಘಟಗಿ, ಹಾನಗಲ್ಲಿನ ಕಡೆ ಬನ್ನಿ: ಮಳೆ ಹೆಚ್ಚು, ಹಳ್ಳ ಹೆಚ್ಚು, ಊರುಗಳು ಸಣ್ಣವು, ಹತ್ತಿರ ಹತ್ತಿರ. ಮೂಡಣದಲ್ಲಿ ಮಣ್ಣಿನ ಮಾಳಿಗೆ, ಪಡುವಣದಲ್ಲಿ ಹಂಚಿನ ಇಳಿಜಾರು ಸೂರು. ಮೊದಲು ನಿಮ್ಮೂರು ಇದರಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ.

ನಕಾಶೆ ಮತ್ತು ಅಳತೆ

ಬೇಕಾದ ಕಾಗದ ಮೂರೇ: ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರುವಾರು ಕ್ಷೇತ್ರ, ಕಂದಾಯ ಬರೆದ ಪಟ್ಟಿ), ಈಗಿನ ಉತಾರ (ಪಹಣಿ). ನಕಾಶೆಯನ್ನು ಭೂಮಾಪನ ಇಲಾಖೆಯಿಂದ ಪಡೆಯಬಹುದು, ಕಂದಾಯ ಇಲಾಖೆಯ ಜಾಲತಾಣದಲ್ಲೂ ಸಿಗುತ್ತದೆ. ಈ ನಕಾಶೆಗಳ ಪ್ರಮಾಣ ಸಾಮಾನ್ಯವಾಗಿ ಮೈಲಿಗೆ 8 ಇಂಚು, ಅಂದರೆ 1:7920. ಒಂದು ಇಂಚಿಗೆ 660 ಅಡಿ, ಒಂದು ಚದರ ಇಂಚಿಗೆ ಸರಿಯಾಗಿ 10 ಎಕರೆ. ಆಗ ಈ ಸೀಮೆ ಸೇರಿದ್ದ ಮುಂಬಯಿ ಪ್ರಾಂತದ ಸರ್ವೆಯ ಸರಪಳಿ 33 ಅಡಿಯದು, ಅದರ 16 ಪಾಲಿನಲ್ಲಿ ಒಂದೊಂದಕ್ಕೆ ಆಣೆ ಎನ್ನುತ್ತಿದ್ದರು. ಒಂದು ಚದರ ಸರಪಳಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಈ ಲೆಕ್ಕ ತಲೆಯಲ್ಲಿದ್ದರೆ ಸರ್ವೆಯವರ ಹಳೆಯ ಟಿಪ್ಪಣಿ ಪುಸ್ತಕದ ಅಂಕಿಗಳು ತಾವೇ ಮಾತಾಡುತ್ತವೆ.

ಕೆಲಸ ಕೆಡುವುದು ಪ್ರಿಂಟ್ ತೆಗೆಯುವಾಗ. ಕಾಗದಕ್ಕೆ ಹೊಂದುವ ಹಾಗೆ ಕುಗ್ಗಿಸಿ ಪ್ರಿಂಟ್ ಹೊಡೆದರೆ ಪ್ರಮಾಣ ಹಾಳಾಗುತ್ತದೆ, ಆಮೇಲೆ ಅಳೆದದ್ದೆಲ್ಲ ಸುಳ್ಳು. ಪ್ರಿಂಟ್ ಬಂದ ಕೂಡಲೇ ಚೌಕಾಕಾರದ ಒಂದು ಸರ್ವೆ ನಂಬರು ಆರಿಸಿ, ಸ್ಕೇಲಿನಿಂದ ಉದ್ದ ಅಗಲ ಅಳೆದು ಎಕರೆ ತೆಗೆಯಿರಿ. ಆಕಾರಬಂದಿನ ಕ್ಷೇತ್ರಕ್ಕೆ ತಾಳೆಯಾಗದಿದ್ದರೆ ಆ ಪ್ರತಿಯನ್ನು ಬಿಸಾಕಿ, ಮತ್ತೆ ಹೊಡೆಸಿ. ಇನ್ನೊಂದು ತಪ್ಪು, ಸರ್ವೆ ನಂಬರ್ 1 ಅಂದರೆ ಎಲ್ಲಕ್ಕಿಂತ ಹಳೆಯ ಹೊಲ ಎಂದು ತಿಳಿಯುವುದು. ನಂಬರು ಅಳೆಯುತ್ತ ಹೋದ ದಾರಿಯನ್ನು ತೋರಿಸುತ್ತದೆಯೇ ಹೊರತು ವಯಸ್ಸನ್ನಲ್ಲ.

ಆಕಾರದಿಂದ ಮಣ್ಣಿನ ನಕ್ಷೆ

ಉತಾರದಲ್ಲಿ ಯಾರೂ ಕಣ್ಣು ಹಾಯಿಸದ ಒಂದು ಅಂಕಣವಿದೆ: ಆಕಾರ, ಅಂದರೆ ಭೂಕಂದಾಯ. ಇಂದಿನ ದುಡ್ಡಿನಲ್ಲಿ ಅದಕ್ಕೆ ಬೆಲೆಯಿಲ್ಲ. ಚರಿತ್ರೆ ಕಟ್ಟುವವರಿಗೆ ಮಾತ್ರ ಅದು ನಿಧಿ. 1840ರ ದಶಕದಲ್ಲಿ ಧಾರವಾಡ ಸೀಮೆಯ ಸರ್ವೆ ನಡೆಸಿದ ವಿಂಗೇಟ್ ಮತ್ತು ಅವನ ಜೊತೆಗಾರರು ಮಣ್ಣನ್ನು ಬಣ್ಣ, ಆಳ ನೋಡಿ ಒಂಬತ್ತು ತರಗತಿ ಮಾಡಿದರು. ಒಂದೂ ಮುಕ್ಕಾಲು ಮೊಳ ಆಳದ ಉತ್ತಮ ಎರೆಗೆ 16 ಆಣೆ, ಅಂದರೆ ಪೂರ್ತಿ ಬೆಲೆ. ಗರಸು, ಸುಣ್ಣಕಲ್ಲು, ಇಳಿಜಾರು, ನೀರು ನಿಲ್ಲುವ ದೋಷ ಇದ್ದರೆ ಆಣೆ ಕಡಿತ. ಆ ತರಗತಿಯ ಮೇಲೆ ಆಕಾರ ಕಟ್ಟಿದರು. ಮೂವತ್ತು ವರ್ಷಕ್ಕೊಮ್ಮೆ ದರ ಬದಲಾದರೂ ಒಂದೇ ಊರಿನ ಹೊಲ ಹೊಲಗಳ ನಡುವಿನ ಏರುಪೇರಿನಲ್ಲಿ ಆ ಹಳೆಯ ಅಂದಾಜು ಇನ್ನೂ ಕಾಣುತ್ತದೆ.

ಮಾಡುವುದು ಹೀಗೆ. ಪ್ರತಿ ಸರ್ವೆ ನಂಬರಿನ ಒಟ್ಟು ಕ್ಷೇತ್ರದಿಂದ ಖರಾಬು (ಸಾಗುವಳಿಗೆ ಬಾರದ ನೆಲ) ಕಳೆಯಿರಿ, ಉಳಿದದ್ದರಿಂದ ಆಕಾರವನ್ನು ಭಾಗಿಸಿ. ಉದಾಹರಣೆಗೆ 12 ಎಕರೆ 20 ಗುಂಟೆ ಹೊಲ, ಖರಾಬು 20 ಗುಂಟೆ, ಆಕಾರ 9 ರೂಪಾಯಿ ಇದ್ದರೆ ಎಕರೆಗೆ 75 ಪೈಸೆ. ಎಲ್ಲ ಹೊಲಗಳ ದರವನ್ನು ನಾಲ್ಕು ಗುಂಪು ಮಾಡಿ, ನಾಲ್ಕು ಬಣ್ಣದ ಪೆನ್ಸಿಲಿನಿಂದ ನಕಾಶೆ ತುಂಬಿ. ಕಡುಬಣ್ಣ ಬಂದಲ್ಲಿ ಆಳವಾದ ಎರೆ, ತೆಳುಬಣ್ಣ ಬಂದಲ್ಲಿ ಮಸಾರಿ (ಕೆಂಪು ಮಣ್ಣು), ಮಡ್ಡಿ (ಗಟ್ಟಿ ಬರಡು ನೆಲ). ಬೇರೆ ಊರಿನ ದರಕ್ಕೆ ಹೋಲಿಸಬೇಡಿ. ಪ್ರತಿ ಗುಂಪಿನ ಊರುಗಳಿಗೆ ಗರಿಷ್ಠ ದರವೇ ಬೇರೆ ಇತ್ತು. ತರಿ (ಗದ್ದೆ) ಮತ್ತು ಬಾಗಾಯತ (ತೋಟ) ನಂಬರುಗಳನ್ನು ಬೇರೆ ಬಣ್ಣದಲ್ಲಿ ಇಡಿ. ಅಲ್ಲಿನ ಆಕಾರ ಮಣ್ಣಿನ ಜೊತೆ ನೀರಿಗೂ ಹಾಕಿದ್ದು.

ಖರಾಬಿನ ಅಂಕಣವನ್ನೂ ಬಿಡಬೇಡಿ. ‘ಬ’ ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟ ದಾರಿ, ಹಳ್ಳ, ಕೆರೆ. ಎಲ್ಲಿಗೂ ಮುಟ್ಟದ ದಾರಿ ಹೊಲದ ನಡುವೆ ಕಂಡರೆ ಅದು ಒಂದು ಕಾಲಕ್ಕೆ ಎಲ್ಲಿಗೋ ಮುಟ್ಟುತ್ತಿತ್ತು.

ಹಾಳೂರು ಹುಡುಕುವುದು

ಹೀಗೆ ಮುರಿದು ನಿಂತ ದಾರಿಗಳು ಬಹಳ ಸಲ ಹಾಳೂರಿಗೆ ಕರೆದೊಯ್ಯುತ್ತವೆ. ಕಂದಾಯದ ಕಾಗದದಲ್ಲಿ ಇಂಥ ಊರಿಗೆ ಬೇಚರಾಕ್ ಎನ್ನುತ್ತಾರೆ. ಫಾರಸಿಯ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ಜನರಿಲ್ಲದಿದ್ದರೂ ಇಂಥ ಗ್ರಾಮಕ್ಕೆ ಸ್ವಂತ ನಕಾಶೆ, ಸ್ವಂತ ಸರ್ವೆ ನಂಬರು ಇರುತ್ತವೆ. ತಾಲ್ಲೂಕಿನ ಗ್ರಾಮಗಳ ಯಾದಿಯಲ್ಲಿ ಮೊದಲು ಇವನ್ನು ಗುರುತು ಹಾಕಿಕೊಳ್ಳಿ.

ಆಮೇಲೆ ನಡೆಯಿರಿ. ಸುಗ್ಗಿ ಮುಗಿದು ಹೊಲ ಬೋಳಾದ ಮಾರ್ಚ್–ಏಪ್ರಿಲ್ ಸರಿಯಾದ ಕಾಲ. ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಗೆ ಮೆತ್ತಿ ನಡೆಯಲು ಬಿಡುವುದಿಲ್ಲ, ಬೆಳೆ ನಿಂತರೆ ನೆಲ ಕಾಣುವುದಿಲ್ಲ. ಕಪ್ಪು ಹೊಲದ ನಡುವೆ ಬೂದಿ ಬಣ್ಣದ, ಹಿಟ್ಟಿನಂಥ ಸಡಿಲ ಮಣ್ಣಿನ ದಿಬ್ಬ ಕಂಡರೆ ನಿಲ್ಲಿ. ಸುತ್ತಲ ಎರೆ ಕೈ ಹೋಗುವಷ್ಟು ಬಿರಿದಿರುತ್ತದೆ, ಈ ದಿಬ್ಬ ಬಿರಿದಿರುವುದಿಲ್ಲ. ಮನೆಗಳ ಗೋಡೆ, ಒಲೆಯ ಬೂದಿ, ಸಗಣಿ ನೂರಾರು ವರ್ಷ ಕಲೆತು ಆದ ಮಣ್ಣು ಅದು. ಬಗ್ಗಿ ನೋಡಿದರೆ ಗಡಿಗೆಯ ಚೂರು, ಬೀಸುಕಲ್ಲಿನ ತುಂಡು, ಬಳೆಚೂರು. ಪಕ್ಕದಲ್ಲಿ ಒಂಟಿ ಹಣಮಪ್ಪನ ಗುಡಿ, ಹೂಳು ತುಂಬಿದ ಬಾವಿ ಇದ್ದರೆ ಅನುಮಾನ ಬೇಡ. ಚೂರುಗಳನ್ನು ಅಲ್ಲೇ ಬಿಡಿ, ಪಕ್ಕಕ್ಕೆ ಅಳತೆ ಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ. ಜಾಗ ತಪ್ಪಿದ ಚೂರು ಏನನ್ನೂ ಹೇಳುವುದಿಲ್ಲ.

ಊರು ಯಾಕೆ ಹಾಳಾಯಿತು ಎಂದು ಕೇಳಿದರೆ ಹೆಚ್ಚಿನವರು ಪ್ಲೇಗು ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಪ್ಲೇಗು ಮುಂಬಯಿಗೆ ಬಂದದ್ದೇ 1896ರಲ್ಲಿ. ಮೊದಲ ಸರ್ವೆಯ ಕಾಗದದಲ್ಲೇ ಊರು ಬೇಚರಾಕ್ ಎಂದಿದ್ದರೆ ಕಾರಣ ಅದಕ್ಕಿಂತ ಹಿಂದಿನದು: 1791–92ರ ಡೋಗಿ ಬರ, ದಂಡಿನ ದಾಳಿ, ಒಡೆದ ಕೆರೆ. ಮೊದಲ ಸರ್ವೆಯಲ್ಲಿ ಜನವಸತಿ ಇದ್ದು ಆಮೇಲೆ ಇಲ್ಲವಾಗಿದ್ದರೆ 1876–78ರ ಬರವನ್ನೂ ಪ್ಲೇಗನ್ನೂ ಎದುರುಬದುರು ಇಟ್ಟು ಜನಗಣತಿಯ ಅಂಕಿ ನೋಡಬೇಕು.

ಕಲ್ಲು ಮತ್ತು ಹೆಸರು

ಶಾಸನದ ಫೋಟೊಗೆ ಎಳೆಬಿಸಿಲು ಅಥವಾ ಇಳಿಬಿಸಿಲು ಒಳ್ಳೆಯದು, ಇಲ್ಲವೇ ರಾತ್ರಿ ಬದಿಯಿಂದ ಬ್ಯಾಟರಿ ಬಿಡಿ. ಸುಣ್ಣ, ಎಣ್ಣೆ, ಬಣ್ಣ ಬಳಿಯಬೇಡಿ. ಕಲ್ಲು ಒಮ್ಮೆ ಕೆಟ್ಟರೆ ಕೆಟ್ಟಿತು. ಶಕವರ್ಷಕ್ಕೆ 78 ಕೂಡಿಸಿ ಸಂವತ್ಸರದ ಹೆಸರಿಗೆ ತಾಳೆ ನೋಡಿ. ಲಕ್ಕುಂಡಿಯ ಅತ್ತಿಮಬ್ಬೆಯ ಶಾಸನದ ಶಕ 929 ಪ್ಲವಂಗ ಅಂದರೆ ಕ್ರಿ.ಶ. 1007. ತಾಳೆಯಾಗದಿದ್ದರೆ ಒಂದು ವರ್ಷ ಹಿಂದೆಮುಂದೆ ನೋಡಬೇಕಾಗುತ್ತದೆ.

ಒಕ್ಕಲುತನಕ್ಕೆ ಬೇಕಾದ ಭಾಗ ಶಾಸನದ ಕೊನೆಗಿರುತ್ತದೆ: ದತ್ತಿ ಬಿಟ್ಟ ಭೂಮಿ ಎಷ್ಟು ಮತ್ತರು (ಅಂದಿನ ಭೂಮಿಯ ಅಳತೆ), ಗರ್ದೆಯೋ (ಗದ್ದೆ) ಬೆದ್ದಲೆಯೋ (ಮಳೆಯ ಹೊಲ) ತೋಂಟವೋ (ತೋಟ), ಮೂಡಲು ತೆಂಕಲು ಪಡುವಲು ಬಡಗಲು ಏನಿದೆ. ಈ ಎಲ್ಲೆಗಳನ್ನು ನಕಾಶೆಯ ಮೇಲೆ ಎಳೆಯಲು ನೋಡಿ. ಲಿಂಗಮುದ್ರೆ, ವಾಮನಮುದ್ರೆ, ಜೈನರ ಮುಕ್ಕೊಡೆ (ಮೂರು ಕೊಡೆ) ಕೆತ್ತಿದ ಗಡಿಕಲ್ಲು ಹೊಲದಲ್ಲಿ ಉಳಿದಿದ್ದರೆ ಎಲ್ಲೆ ಗಟ್ಟಿಯಾಯಿತು. ಮತ್ತರನ್ನು ಎಕರೆಗೆ ಇಳಿಸಬೇಡಿ, ಅಳೆಯುವ ಗಳೆ ಊರಿಂದೂರಿಗೆ ಬೇರೆ ಇತ್ತು. ಬೆಳೆಯ ವಿಷಯದಲ್ಲೂ ಅಷ್ಟೇ: ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಅಮೆರಿಕ ಖಂಡದಿಂದ ಬಂದವು. ಹನ್ನೆರಡನೇ ಶತಮಾನದ ಕಲ್ಲಿನಲ್ಲಿ ಮೆಣಸು ಎಂದಿದ್ದರೆ ಅದು ಕರಿಮೆಣಸು, ಬ್ಯಾಡಗಿಯ ಕಾಯಿ ಅಲ್ಲ.

ಹೆಸರುಗಳು ಸುಳಿವು ಕೊಡುತ್ತವೆ, ಸಾಕ್ಷಿ ಹೇಳುವುದಿಲ್ಲ. ಬೆಳ್ವೊಲ ಮುನ್ನೂರು ಎಂಬ ಹಳೆಯ ನಾಡಿನ ಹೆಸರಲ್ಲೇ ಬೆಳೆಯ ಹೊಲವಿದೆ. ಅಮ್ಮಿನಭಾವಿಯಲ್ಲಿ ಬಾವಿ ಇದೆ. ಹಿರೇನರ್ತಿ, ಚಿಕ್ಕನರ್ತಿ ಎಂಬ ಜೋಡಿಯಲ್ಲಿ ಒಂದು ಇನ್ನೊಂದರಿಂದ ಒಡೆದಿರಬಹುದು. ಅಷ್ಟಕ್ಕೇ ಕಾಲ ನಿರ್ಣಯ ಮಾಡಬೇಡಿ.

ಹಿರಿಯರ ಹತ್ತಿರ

‘ನಿಮ್ಮೂರ ಇತಿಹಾಸ ಹೇಳಿ’ ಅಂದರೆ ಪುರಾಣ ಸಿಗುತ್ತದೆ. ನಕಾಶೆ ಹಿಡಿದು ಬದುವಿನ ಮೇಲೆ ನಿಂತು, ‘ಅಜ್ಜಾರ, ಈ ಹೊಲಕ್ಕ ಏನಂತ ಕರೀತಾರ್ರೀ?’ ಎಂದು ಕೇಳಿ. ತಳವಾರ ಮಾನ್ಯ, ಪೂಜಾರಿ ಮಾನ್ಯ, ಕೆರಿ ಹೊಲ, ಹಕ್ಕಲ, ಮಡ್ಡಿ ಎಂದು ಒಂದೊಂದಾಗಿ ಬರುತ್ತವೆ. ಮಾನ್ಯದ ಹೆಸರು ಬಂದಲ್ಲೆಲ್ಲ ಊರ ಚಾಕರಿಗೆ ಭೂಮಿ ಬಿಟ್ಟಿದ್ದರು ಎಂದು ಬರೆದುಕೊಂಡು ಹಳೆಯ ಕೈಬರಹದ ಉತಾರದಲ್ಲಿ ಖಾತ್ರಿ ಮಾಡಿ. ಅಜ್ಜಿಯರನ್ನು ಬಿಡಲೇಬೇಡಿ. ಯಾವ ಹೊಲದ ಅಕ್ಕಡಿ (ಮಿಶ್ರಬೆಳೆಯ) ಸಾಲಿನಲ್ಲಿ ಏನು ಹಾಕುತ್ತಿದ್ದರು, ಕುಡಿಯುವ ನೀರು ಯಾವ ಬಾವಿಯಿಂದ ಬರುತ್ತಿತ್ತು ಎಂಬುದನ್ನು ಅವರಷ್ಟು ನಿಖರವಾಗಿ ಯಾರೂ ಹೇಳುವುದಿಲ್ಲ.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಎಲ್ಲೆಲ್ಲಿದ್ದವು ಎಂದೂ ಕೇಳಿ. ಒಬ್ಬ ಆಳು ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲ, ಬದಿಗೆ ಹುಲ್ಲು ಹೊಟ್ಟು, ಮೇಲೆ ಕಲ್ಲು ಮುಚ್ಚಿ ಮಣ್ಣಿನ ಮೆತ್ತಿಗೆ. ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನೆಲ ಒಣಗಿರುವ ಜೋಳದ ಸೀಮೆಯಲ್ಲಿ ಮಾತ್ರ ಇದು ನಡೆಯುತ್ತದೆ. ಭತ್ತದ ಸೀಮೆಯಲ್ಲಿ ನೆಲ ಹಸಿ, ಕಾಳು ಕಣಜಕ್ಕೆ ಹೋಗುತ್ತಿತ್ತು. ಹಗೇವುಗಳ ಜಾಗ ನಕಾಶೆಯಲ್ಲಿ ಗುರುತಿಸಿದರೆ ಊರೊಳಗೆ ಎತ್ತರದ ಒಣನೆಲ ಯಾವುದು, ಉಳ್ಳವರ ಓಣಿ ಯಾವುದು ಎಂದು ತಿಳಿಯುತ್ತದೆ.

ಹಳೆಯ ಹಗೇವು ತೆರೆದು ತೋರಿಸುತ್ತೇವೆ ಎಂದರೆ ಬಾಯಿ ತೆರೆದ ಮೇಲೂ ಯಾರನ್ನೂ ಒಳಗೆ ಇಳಿಸಬೇಡಿ. ಕಾಳು ಉಸಿರಾಡಿ ಬಿಟ್ಟ ಗಾಳಿ ಭಾರವಾದದ್ದು, ಅಡಿಯಲ್ಲೇ ನಿಲ್ಲುತ್ತದೆ, ಇಳಿದವರು ಕೂಗಲೂ ಆಗದೆ ಬೀಳುತ್ತಾರೆ. ಆಳ ಬೇಕಿದ್ದರೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಬಾಯಿಯ ಅಂಚಿಗೆ ಹಗ್ಗದಲ್ಲಿ ಗಂಟು ಹಾಕಿ, ಮೇಲೆ ಎಳೆದು ಅಳೆಯಿರಿ.